ಕೊಸರು

ಶನಿವಾರ ಸಂಜೆ, ಚಾಮರಾಜಪೇಟೆಯ ಹಳೇ ಮನೆಯೊಂದರ ನಡುಮನೆ. ಶಿವಮೊಗ್ಗದಿಂದ ಬಂದು, ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾದ ಹುಡುಗಿ. ಸೊಸೆಯಾಗಿ ಈ ಮನೆ ಹೊಕ್ಕು ನಲವತ್ತು ವರ್ಷ ದಾಟಿದ ಅವಳ ದೊಡ್ಡಮ್ಮ. ಇಬ್ಬರ ನಡುವೆ ಚಾಪೆಯ ಮೇಲೆ ನಾಲ್ಕು ಚೀಲ.

ಹುಡುಗಿ: ನೀವು ಬೆಲೆ ಹೇಳಿ ದೊಡ್ಡಮ್ಮ. ನಾನು ಎಷ್ಟಕ್ಕೆ ತಂದೆ ಅನ್ನೋದು ಆಮೇಲೆ ಹೇಳ್ತೀನಿ.

ದೊಡ್ಡಮ್ಮ: ಬೆಲೆ ಇರಲಿ, ಮೊದಲು ಪದಾರ್ಥ ನೋಡೋಣ. ಆ ಮೊರ ಈಚೆ ತಾ. ಟೊಮೆಟೊ ಸುರಿ. ಗುಡ್ಡೆ ಲೆಕ್ಕದಲ್ಲಿ ತಂದಿದೀಯ ಅಲ್ವಾ?

ಹುಡುಗಿ: ಹೇಗೆ ಗೊತ್ತಾಯ್ತು? ಒಂದು ಗುಡ್ಡೆ 30 ರೂಪಾಯಿ ಅಂದ. ಎರಡು ಗುಡ್ಡೆ 50ಕ್ಕೆ ಕೊಡಪ್ಪ ಅಂದೆ, ಕೊಟ್ಟ. ತೂಕಕ್ಕೆ ತಗೊಂಡಿದ್ರೆ ಇಷ್ಟಕ್ಕೇ 80 ಆಗ್ತಿತ್ತು.

ದೊಡ್ಡಮ್ಮ: ಇದನ್ನ ತೊಟ್ಟಿನ ಪಕ್ಕ ಮೆತ್ತಗೆ ಒತ್ತಿ ನೋಡು. ಬೆರಳು ಇಳೀತಾ? ಇದೂ ಹಾಗೇ. ಇಗೋ, ಇದರ ಬುಡ ಬಿರಿದಿದೆ, ಬೆಳಗಾಗೋದ್ರೊಳಗೆ ಹುಳಿ ವಾಸನೆ ಬರುತ್ತೆ. ಗಟ್ಟಿಯಾದವು ಮೇಲಿದ್ದವು, ಇವೆಲ್ಲ ಗುಡ್ಡೆಯ ಅಡಿಯಲ್ಲಿದ್ದವು.

ಹುಡುಗಿ: ಹಾಗಾದ್ರೆ ಮೋಸ ಹೋದೆ.

ದೊಡ್ಡಮ್ಮ: ಮೋಸ ಅಲ್ಲ ಕಣೇ. ಗುಡ್ಡೆ ಇರೋದೇ ಇವತ್ತೇ ಒಲೆ ಮೇಲಿಡೋರಿಗೆ. ಕೂಲಿ ಮುಗಿಸಿ ಮನೆಗೆ ಹೋಗೋ ಹೆಂಗಸು ಗುಡ್ಡೆ ಕಟ್ಟಿಸ್ಕೊಂಡು ಹೋಗಿ ರಾತ್ರಿಗೇ ಗೊಜ್ಜು ಮಾಡ್ತಾಳೆ. ಅವಳಿಗೆ ಒಂದು ಹಣ್ಣೂ ದಂಡ ಆಗಲ್ಲ. ವಾರಕ್ಕೆ ಇಟ್ಕೊಳ್ಳೋರು ತೂಕಕ್ಕೆ ಆರಿಸಿ ತಗೋಬೇಕು. ಹೋಗಲಿ, ಮೆತ್ತಗಾದವನ್ನ ನಾನು ಈಗಲೇ ಗೊಜ್ಜಿಗೆ ಹಾಕ್ತೀನಿ. ಇವತ್ತು ಇಲ್ಲೇ ಉಳ್ಕೋ. ಇನ್ನೊಂದು ಚೀಲದಲ್ಲಿ ಏನಿದೆ?

ಹುಡುಗಿ: ಸೊಪ್ಪು. ಕೊತ್ತಂಬರಿ, ಮೆಂತ್ಯ, ದಂಟು. ಮೂರು ಕಟ್ಟಿಗೆ 60 ಅಂದಳು. ನಾನು 45 ಅಂತ ಪಟ್ಟು ಹಿಡಿದೆ. ಬೇಡ ಅಂತ ಎರಡು ಹೆಜ್ಜೆ ಮುಂದೆ ಹೋದೆ ನೋಡಿ, ಕರೆದು ಕೊಟ್ಟಳು.

ದೊಡ್ಡಮ್ಮ: ಎಷ್ಟೊತ್ತಾಗಿತ್ತು?

ಹುಡುಗಿ: ಐದೂವರೆ ಇರಬಹುದು.

ದೊಡ್ಡಮ್ಮ: ಕರೆದಾಗ ಅವಳ ಮುಖ ನೋಡಿದೆಯಾ?

ಹುಡುಗಿ: ಇಲ್ಲ. ಚಿಲ್ಲರೆ ಎಣಿಸ್ತಾ ಇದ್ದೆ. ಯಾಕೆ ಹಾಗೆ ಕೇಳ್ತೀರಿ?

ದೊಡ್ಡಮ್ಮ: ನಮ್ಮ ಬೀದಿಗೆ ಬರೋ ಸೊಪ್ಪಿನಮ್ಮ ಇದಾಳಲ್ಲ, ಅವಳು ಬೆಳಗಿನ ಜಾವ ಮೂರೂವರೆಗೆಲ್ಲ ಕೆ.ಆರ್. ಮಾರುಕಟ್ಟೆಯಲ್ಲಿರ್ತಾಳೆ. ಸೊಪ್ಪು ಇಳಿಯೋ ಹೊತ್ತು ಅದು. ನೂರು ಕಟ್ಟಿನ ಲೆಕ್ಕದಲ್ಲಿ ತಗೋಬೇಕು, ಹೊರೋನಿಗೆ ಕೂಲಿ, ಆಟೋದವನಿಗೆ ಬಾಡಿಗೆ. ಆಮೇಲೆ ಇಲ್ಲಿ ಬಂದು ನೀರು ಚಿಮುಕಿಸಿ, ಕಟ್ಟು ಬಿಚ್ಚಿ ಸಣ್ಣ ಕಟ್ಟು ಮಾಡಿ ಕೂರ್ತಾಳೆ. ಸಂಜೆಗೆ ಮಿಕ್ಕಿದ್ದು ಮಾರನೇ ದಿನಕ್ಕೆ ಬರಲ್ಲ. ಇದಕ್ಕೆಲ್ಲ ಬಂಡವಾಳ ಎಲ್ಲಿಂದ ಬರುತ್ತೆ ಅಂದ್ಕೊಂಡಿದೀಯ? ಬಹಳ ವರ್ಷ ಮೀಟರ್ ಬಡ್ಡಿಗೆ ತಗೊಳ್ತಿದ್ದಳು. ಬೆಳಿಗ್ಗೆ 900 ಕೈಗೆ ಬಂದರೆ ಸಂಜೆ 1,000 ವಾಪಸು ಕೊಡಬೇಕು.

ಹುಡುಗಿ: ಒಂದೇ ದಿನಕ್ಕೆ ಶೇಕಡ 11! ನಮ್ಮ ಆಫೀಸಿಗೆ ಬರೋ ವ್ಯಾಪಾರಿಗಳು ವರ್ಷಕ್ಕೆ ಶೇಕಡ 11 ಅಂದರೇ ಬ್ಯಾಂಕಿನವರ ಹತ್ತಿರ ಜಗಳಕ್ಕೆ ನಿಲ್ತಾರೆ.

ದೊಡ್ಡಮ್ಮ: ಈ ಬಡ್ಡಿಯಿಂದ ಬಿಡಿಸೋಣ ಅಂತಲೇ ನಮ್ಮ ಸರ್ಕಾರ 2018ರಲ್ಲಿ ‘ಬಡವರ ಬಂಧು’ ತಂದಿದ್ದು. ಸಹಕಾರಿ ಬ್ಯಾಂಕುಗಳಿಂದ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿವರೆಗೆ, ಬಡ್ಡಿಯಿಲ್ಲದೆ. ಕೊರೊನಾ ಬಂತಲ್ಲ, 2020ರಲ್ಲಿ, ಆಗ ಕೇಂದ್ರದವರ ಸ್ವನಿಧಿ ಬಂತು. ಅದರಲ್ಲೂ ಆಗ ಮೊದಲ ಸಾಲ 10,000 ಇತ್ತು. ನಮ್ಮ ಸೊಪ್ಪಿನಮ್ಮ ಆ ಸಾಲ ಹಿಡಿದುಕೊಂಡು ಈಚೆ ದಡ ಸೇರಿದಳು. ನೀನು ಇವತ್ತು 15 ರೂಪಾಯಿ ಇಳಿಸಿದೆಯಲ್ಲ, ಅವಳು ಯಾವ ದಡದಲ್ಲಿದಾಳೋ.

ಹುಡುಗಿ: ಹೀಗೆ ಯೋಚನೆ ಮಾಡಿದ್ರೆ ಏನೂ ಕೊಳ್ಳೋ ಹಾಗೇ ಇಲ್ಲ ದೊಡ್ಡಮ್ಮ. ನನಗೂ ತಿಂಗಳ ಇಪ್ಪತ್ತನೇ ತಾರೀಕಿಗೆ ಜೇಬು ಖಾಲಿ. ಸಂಬಳದ ಅರ್ಧ ಪಿ.ಜಿ.ಗೇ ಹೋಗುತ್ತೆ. ಉಳಿಸದೆ ಬದುಕೋದು ಹೇಗೆ?

ದೊಡ್ಡಮ್ಮ: ಉಳಿಸಬೇಡ ಅಂತ ಯಾರು ಹೇಳಿದ್ರು? ಉಳಿಸೋ ದಾರಿ ಬೇರೆ ಇದೆ. ಅವಳ ಹತ್ತಿರ ದುಡ್ಡು ಇಳಿಸಬೇಡ, ಕೊಸರು ಕೇಳು.

ಹುಡುಗಿ: ಕೊಸರು! ನಮ್ಮಜ್ಜಿ ಹಾಗೇ ಅಂತಿದ್ರು. ಹುರಳಿಕಾಯಿ ತೂಗಿಸ್ಕೊಂಡ ಮೇಲೂ ಚೀಲ ಮುಚ್ತಿರಲಿಲ್ಲ, ‘ಎಲ್ಲಪ್ಪಾ ಕೊಸರು’ ಅಂತ ಹಿಡ್ಕೊಂಡೇ ನಿಂತಿರೋರು. ಮೇಲೆ ನಾಲ್ಕು ಕಾಯಿ ಬಿದ್ದ ಮೇಲೇ ಹೆಜ್ಜೆ ಎತ್ತೋರು. ಆದರೆ ಎರಡೂ ಒಂದೇ ಅಲ್ವಾ? 15 ರೂಪಾಯಿ ಬಿಡೋದೂ ಒಂದೇ, 15 ರೂಪಾಯಿ ಸೊಪ್ಪು ಜಾಸ್ತಿ ಕೊಡೋದೂ ಒಂದೇ.

ದೊಡ್ಡಮ್ಮ: ನಿನ್ನ ಲೆಕ್ಕದ ಪುಸ್ತಕದಲ್ಲಿ ಒಂದೇ ಇರಬಹುದು, ಅವಳ ಬುಟ್ಟಿಯಲ್ಲಿ ಬೇರೆ. ಸಂಜೆ ಐದೂವರೆಗೆ ಅವಳ ಹತ್ತಿರ ಮಿಕ್ಕಿರೋದು ಸೊಪ್ಪು, ಬೇಕಾಗಿರೋದು ದುಡ್ಡು. ಸೊಪ್ಪು ರಾತ್ರಿಗೆ ಬಾಡುತ್ತೆ, ಸಾಲ ಬಾಡಲ್ಲ. ‘60ಕ್ಕೇ ತಗೋತೀನಮ್ಮ, ಮೇಲೆ ಒಂದಿಷ್ಟು ಕರಿಬೇವು, ಒಂದು ಹಿಡಿ ಪುದೀನ ಹಾಕು’ ಅಂತ ಕೇಳಿದ್ರೆ ಸಂತೋಷದಿಂದ ಹಾಕ್ತಾಳೆ. ನಿನಗೆ ನಾಲ್ಕು ದಿನದ ಒಗ್ಗರಣೆ ಆಯ್ತು, ಅವಳ ಸಂಜೆಯ ಲೆಕ್ಕ ಮುರೀಲಿಲ್ಲ. ಮಾರನೇ ವಾರ ನೀನು ಹೋದಾಗ ಎಳೇ ಕಟ್ಟು ಎತ್ತಿಟ್ಟಿರ್ತಾಳೆ. ಅದು ದುಡ್ಡಿಗೆ ಸಿಗೋದಲ್ಲ.

ಹುಡುಗಿ: ಹಾಗಾದ್ರೆ ಬೆಳಿಗ್ಗೆ ಹೋದ್ರೆ?

ದೊಡ್ಡಮ್ಮ: ಬೆಳಿಗ್ಗೆ ಕೊಸರು ಕಡಿಮೆ, ಪದಾರ್ಥ ಚೆನ್ನಾಗಿರುತ್ತೆ. ಬೋಣಿ ಹೊತ್ತಿನಲ್ಲಿ ಬೆಲೆ ಕೇಳಿ ಹಾಗೇ ಎದ್ದು ಬರಬೇಡ, ಅವರಿಗೆ ದಿನವೆಲ್ಲ ಕಸಿವಿಸಿ. ಇನ್ನೊಂದು ಮಾತು. ಮಾರುಕಟ್ಟೆಗೆ ಹೋಗೋ ಮುಂಚೆ ದಾರಿಯಲ್ಲಿ ಹಾಪ್‌ಕಾಮ್ಸ್ ಮಳಿಗೆ ಸಿಕ್ಕಿದ್ರೆ ಅವತ್ತಿನ ದರದ ಬೋರ್ಡು ಓದ್ಕೊಂಡು ಹೋಗು. ರೈತರ ಸಹಕಾರ ಸಂಘ ಅದು, 1959ರಲ್ಲಿ ದ್ರಾಕ್ಷಿ ಬೆಳೆಗಾರರು ಕಟ್ಟಿದ್ದು ಬೆಳೆದು ಇಷ್ಟಾಗಿದೆ. ಆ ಬೋರ್ಡು ತಲೆಯಲ್ಲಿದ್ರೆ ಯಾರು ಜಾಸ್ತಿ ಹೇಳ್ತಿದಾರೆ, ಯಾರು ಸರಿಯಾಗಿ ಹೇಳ್ತಿದಾರೆ ನಿನಗೇ ಗೊತ್ತಾಗುತ್ತೆ. ಬೆಲೆ ಗೊತ್ತಿಲ್ಲದೆ ಚೌಕಾಸಿ ಮಾಡೋದು ಕಣ್ಣು ಕಟ್ಕೊಂಡು ಕಲ್ಲು ಬೀಸಿದ ಹಾಗೆ. ಯಾರಿಗೆ ತಗಲುತ್ತೋ ಗೊತ್ತಿಲ್ಲ.

ಹುಡುಗಿ: ಇಷ್ಟು ಹೇಳ್ತೀರಿ, ಅಕ್ಕನ ಮದುವೆ ಜವಳಿಗೆ ಚಿಕ್ಕಪೇಟೆಯಲ್ಲಿ ನೀವೇ ಒಂದೂವರೆ ಗಂಟೆ ಕೂತು ಚೌಕಾಸಿ ಮಾಡಿದ್ರಂತೆ. ಅಮ್ಮ ಈಗಲೂ ಹೇಳ್ತಿರ್ತಾರೆ.

ದೊಡ್ಡಮ್ಮ: ಕೂತಿದ್ದೆ. ಅಲ್ಲಿ ಕೂರಲೇಬೇಕು. ಅಂಗಡಿಯವರು ಬಾಯಲ್ಲಿ ಹೇಳೋ ಮೊದಲ ಬೆಲೆಯಲ್ಲೇ ನಾನು ಕೇಳೋದೂ ಸೇರಿರುತ್ತೆ. ಕೇಳದೆ ಕೊಟ್ಟು ಬಂದರೆ ಅವರಿಗೇ ಆಶ್ಚರ್ಯ. ಅವರಿಗೆ ನೇಕಾರಿಕೆ ಊರುಗಳಿಂದ ಕಂತೆಗಟ್ಟಲೆ ಮಾಲು ಬರುತ್ತೆ, ಒಂದು ಸೀರೆಯಲ್ಲಿ ಬಿಟ್ಟಿದ್ದು ಇನ್ನೊಂದರಲ್ಲಿ ಬರುತ್ತೆ. ಸೊಪ್ಪಿನವಳಿಗೆ ಇನ್ನೊಂದು ಬುಟ್ಟಿ ಇಲ್ಲ. ಎಲ್ಲಿ ಚೌಕಾಸಿ ಮಾಡಬೇಕು, ಎಲ್ಲಿ ಮಾಡಬಾರದು ಅನ್ನೋದಕ್ಕೆ ನಾನು ನೋಡೋದು ಇದೊಂದೇ.

ಹುಡುಗಿ: ಚಿಕ್ಕಪೇಟೆ ಅಗ್ಗ ಅಂತ ಎಲ್ಲರೂ ಹೇಳ್ತಾರೆ. ಯಾಕೆ ಅಗ್ಗ? ಅದೇ ಸೀರೆ ಬೇರೆ ಕಡೆ ಯಾಕೆ ದುಬಾರಿ?

ದೊಡ್ಡಮ್ಮ: ಪೇಟೆಯ ಹೆಸರುಗಳನ್ನ ಒಂದು ಸಲ ಬಾಯಲ್ಲಿ ಹೇಳ್ಕೊಂಡು ನೋಡು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತರಗುಪೇಟೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗಿನಿಂದ ಒಂದೊಂದು ಕಸುಬಿನವರು ಒಂದೊಂದು ಕಡೆ ನೆಲೆ ನಿಂತರು. ಈಗ ಬಳೇಪೇಟೆಯಲ್ಲಿ ವೀಣೆ, ತಬಲಾನೂ ಸಿಗುತ್ತೆ, ಸುಲ್ತಾನಪೇಟೆ ಪೂರ್ತಿ ಕಾಗದ, ಎಸ್.ಪಿ. ರಸ್ತೆ ಕಂಪ್ಯೂಟರ್ ಸಾಮಾನು, ಜೆ.ಸಿ. ರಸ್ತೆ ಗಾಡಿ ಬಿಡಿಭಾಗ. ಮಾಲು ಬದಲಾಯ್ತು, ಸಾಲು ಬದಲಾಗಲಿಲ್ಲ. ಒಂದೇ ಮಾಲಿನ ಐವತ್ತು ಅಂಗಡಿ ಸಾಲಾಗಿದ್ರೆ ಒಬ್ಬ ಬೆಲೆ ಏರಿಸೋದು ಹೇಗೆ? ಮೂರು ಹೆಜ್ಜೆ ಇಟ್ಟರೆ ಪಕ್ಕದಂಗಡಿ. ಶಾಪಿಂಗ್ ಮಾಲಿನಲ್ಲಿ ಎಲ್ಲ ಅಂಗಡಿ ಒಂದೇ ಜಾಗದಲ್ಲಿದ್ದರೂ ಒಂದೊಂದು ಬೇರೆ ಬೇರೆ ಸರಕು, ತಾಳೆ ನೋಡೋದಕ್ಕೆ ಆಗಲ್ಲ. ಜೊತೆಗೆ ಏ.ಸಿ., ಎಸ್ಕಲೇಟರ್, ನೆಲ ಬಾಡಿಗೆ ಎಲ್ಲ ಸೀರೆಯ ಸೆರಗಿಗೇ ಕಟ್ಟಿರ್ತಾರೆ.

ಹುಡುಗಿ: ಮತ್ತೆ ಆಷಾಢ ಸೇಲ್? ಬೀದಿ ತುಂಬ ಬೋರ್ಡು ಹಾಕ್ತಾರಲ್ಲ, ಅದನ್ನ ನಂಬಬಹುದಾ?

ದೊಡ್ಡಮ್ಮ: ನಂಬಬಹುದು, ನೋಡ್ಕೊಂಡು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಂಗಡಿ ಬಿಕೋ ಅನ್ನುತ್ತೆ, ಆದರೆ ಕೆಲಸದವರ ಸಂಬಳ ನಿಲ್ಲಲ್ಲ. ಶ್ರಾವಣಕ್ಕೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಮಾಲು ಬಂದು ಕೂರಬೇಕು, ಹಳೇದು ಜಾಗ ಖಾಲಿ ಮಾಡಬೇಕು. ಹಾಗಾಗಿ ಆಗ ಇಳಿಯೋ ಬೆಲೆಗೆ ಕಾರಣ ಇದೆ. ಕಾರಣ ಇಲ್ಲದೆ ಇಳಿಯೋ ಬೆಲೆ ಕಂಡರೆ ನನಗೆ ಅನುಮಾನ. ಸೇಲಿಗೆ ಅಂತಲೇ ತರಿಸಿದ ತೆಳ್ಳನೆ ಮಾಲೂ ಅದರ ಜೊತೆ ಬಂದು ಕೂರುತ್ತೆ. ಅದಕ್ಕೆ ನಾನು ಮಾಡೋದೇನು ಗೊತ್ತಾ? ಜ್ಯೇಷ್ಠದಲ್ಲೇ ಹೋಗಿ ಒಂದು ಸೀರೆ ನೋಡಿ, ಬಣ್ಣ ಅಂಚು ನೆನಪಿಟ್ಕೊಂಡು, ಬೆಲೆ ಬರೆದಿಟ್ಕೊಂಡು ಬರ್ತೀನಿ. ಆಷಾಢದ ಕೊನೇ ವಾರ ಹೋಗಿ ಅದನ್ನೇ ಕೇಳ್ತೀನಿ. ಇದ್ದರೆ ನನ್ನದು. ಇಲ್ಲದಿದ್ದರೆ ಬೇರೆಯೋರದ್ದು.

ಹುಡುಗಿ: ನಾನು ಸೀರೆ ತಂದಿಲ್ಲ, ಟಾಪ್ ತಂದಿದೀನಿ. ಫುಟ್‌ಪಾತಿನಲ್ಲಿ, 250. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂದ. ಲೇಬಲ್ ಅರ್ಧ ಕತ್ತರಿಸಿದಾರೆ ನೋಡಿ.

ದೊಡ್ಡಮ್ಮ: ಒಳಮಗ್ಗುಲು ತಿರುಗಿಸು. ಕಂಕುಳ ಹತ್ತಿರದ ಹೊಲಿಗೆ ತೋರಿಸು. ನೇರ ಇದೆ, ಒತ್ತಾಗಿದೆ, ದಾರ ನೇತಾಡ್ತಿಲ್ಲ. ಗುಂಡಿ ಕಾಜಾ ಬಿಗಿಯಾಗಿದೆ. ಇದು ನಿಜವಾಗಿ ಕಾರ್ಖಾನೆಯದೇ. ಎಲ್ಲೋ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಬಂದು ಹೊರದೇಶದವರು ಬೇಡ ಅಂದಿರ್ತಾರೆ. ಒಳ್ಳೇದನ್ನೇ ತಂದಿದೀಯ.

ಹುಡುಗಿ: ನಮ್ಮ ಪಿ.ಜಿ.ಯಲ್ಲಿ ಅಡುಗೆ ಮಾಡೋ ಅಕ್ಕ ಮೊದಲು ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗ್ತಿದ್ರಂತೆ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್, ಬಾತ್‌ರೂಮಿಗೆ ಎದ್ದರೂ ಮೇಷಿನ್ ನಿಂತ ಲೆಕ್ಕ ಬರೀತಿದ್ರಂತೆ. ಈ ಕಂಕುಳ ಹೊಲಿಗೆಯೇ ಅವರ ಕೆಲಸ ಆಗಿತ್ತು. ಇದನ್ನ ಅವರಿಗೆ ತೋರಿಸಬೇಕು ಅನ್ನಿಸ್ತಿದೆ.

ದೊಡ್ಡಮ್ಮ: ತೋರಿಸು. ಆ ಕೈಗೆ ಹೊಲಿಗೆಯ ಬೆಲೆ ಗೊತ್ತಿರುತ್ತೆ. ಇದೇನು ಬಿಲ್ಲು, ಚೀಲದ ತಳದಲ್ಲಿ?

ಹುಡುಗಿ: ಅದು ಬಿಡಿ ದೊಡ್ಡಮ್ಮ. ಮಧ್ಯಾಹ್ನ ನಾಲ್ಕು ಜನ ಸ್ನೇಹಿತೆಯರು ಒಂದು ಹೋಟೆಲಿಗೆ ಹೋಗಿದ್ವಿ. ಊಟ 1,240. ಸರ್ವಿಸ್ ಚಾರ್ಜ್ ಅಂತ ಶೇಕಡ 10, ಅಂದರೆ 124 ಸೇರಿಸಿದ್ರು. ಅದರ ಮೇಲೆ ಶೇಕಡ 5 ಜಿಎಸ್‌ಟಿ. ಒಟ್ಟು 1,432.

ದೊಡ್ಡಮ್ಮ: ಆ 124 ಕೊಡಲೇಬೇಕಾ?

ಹುಡುಗಿ: ಬೇಕಿಲ್ಲ. ಅದೇ ನನಗೆ ನೋವು. ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ಹೋಟೆಲಿನವರು ತಾವಾಗೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ ಅಂತ. ಹೋಟೆಲ್ ಸಂಘದವರು ಕೋರ್ಟಿಗೆ ಹೋದ್ರು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡೀತು. ತೆಗೀರಿ ಅಂತ ಕೇಳಬಹುದು, ತೆಗೀದಿದ್ರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಎಸ್‌ಟಿ ಕೂಡ ಎಲ್ಲರೂ ಹಾಕೋ ಹಾಗಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರೋ ಸಣ್ಣ ಹೋಟೆಲಿನವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡಬಾರದು, ಹಾಗಂತ ಬಿಲ್ಲಿನ ಮೇಲೇ ಬರೆದಿರಬೇಕು. ದಿನಾ ಆಫೀಸಿನಲ್ಲಿ ಇದನ್ನೇ ನೋಡೋಳು ನಾನು. ಆದರೂ ಸುಮ್ಮನೆ ಕೊಟ್ಟು ಬಂದೆ.

ದೊಡ್ಡಮ್ಮ: ಯಾಕೆ?

ಹುಡುಗಿ: ವೇಟರ್ ಬಿಳೀ ಅಂಗಿ ಹಾಕ್ಕೊಂಡು ಬಗ್ಗಿ ನಿಂತಿದ್ದ. ತಣ್ಣಗೆ ಏ.ಸಿ. ಸುತ್ತ ಎಲ್ಲ ಇಂಗ್ಲಿಷು. ಬಾಯಿ ಬರಲಿಲ್ಲ.

ದೊಡ್ಡಮ್ಮ: ಅಲ್ಲಿ 124ಕ್ಕೆ ಬಾರದ ಬಾಯಿ ನೆಲದ ಮೇಲೆ ಕೂತವಳ ಹತ್ತಿರ 15ಕ್ಕೆ ಬಂತು.

ಹುಡುಗಿ: …

ದೊಡ್ಡಮ್ಮ: ಬೈಯ್ತಿಲ್ಲ ಕಣೇ. ನಾನೂ ಹಾಗೇ ಮಾಡಿದೀನಿ ಚಿಕ್ಕ ವಯಸ್ಸಿನಲ್ಲಿ. ಗೊತ್ತಾಗಲಿ ಅಂತ ಹೇಳಿದೆ. ಬಿಲ್ಲು ಮಡಚಿಡು, ಮುಂದಿನ ಸಲ ಕೇಳು.

ಹುಡುಗಿ: ಮುಂದಿನ ಸಲ ಅಲ್ಲಿಗೆ ಹೋಗೋದೇ ಇಲ್ಲ. ಕಡಿಮೆಯಲ್ಲಿ ಹೊಟ್ಟೆ ತುಂಬೋ ಜಾಗ ನೀವೇ ಹೇಳಿ.

ದೊಡ್ಡಮ್ಮ: ಈ ಊರು ಅದರಲ್ಲಿ ಪುಣ್ಯ ಮಾಡಿದೆ. ನಾನು ಬಂದ ಹೊಸತರಲ್ಲಿ, 1983ರಲ್ಲಿ, ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ಕುರ್ಚಿ ಇಲ್ಲ, ಬಡಿಸೋರಿಲ್ಲ, ಟೋಕನ್ ತಗೊಂಡು ನೀನೇ ಹೋಗಿ ತಟ್ಟೆ ಇಸ್ಕೊಂಡು ನಿಂತು ತಿನ್ನಬೇಕು. ನಮ್ಮ ಮಾವನವರು ‘ನಿಂತು ತಿನ್ನೋದು ಊಟವಾ’ ಅಂತ ಸಿಡುಕಿದ್ರು. ಆಮೇಲೆ ಅವರೇ ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ದರ್ಶಿನಿಗೆ ಹೋಗೋದಕ್ಕೆ ಶುರು ಮಾಡಿದ್ರು. ಕೂತು ತಿನ್ನೋ ಹೋಟೆಲಿನಲ್ಲಿ ಒಂದು ಮೇಜು ಮುಕ್ಕಾಲು ಗಂಟೆ ಒಬ್ಬರಿಗೇ. ಇಲ್ಲಿ ಹತ್ತು ನಿಮಿಷಕ್ಕೆ ಜಾಗ ಖಾಲಿ. ಅಷ್ಟೇ ಅಂಗಡಿ, ಅಷ್ಟೇ ಬಾಡಿಗೆ, ನಾಲ್ಕರಷ್ಟು ಜನ. ಇಡ್ಲಿ ತಟ್ಟೆ ಇಳಿಯೋದೇ ತಡ, ಖಾಲಿಯಾಗುತ್ತೆ. ತಂಗಳು ಉಳಿಯೋದಕ್ಕೆ ಸಮಯ ಎಲ್ಲಿದೆ? ಅಗ್ಗ ಆಗಿರೋದರಿಂದಲೇ ಬಿಸಿ, ಬಿಸಿ ಆಗಿರೋದರಿಂದಲೇ ಜನ, ಜನ ಇರೋದರಿಂದಲೇ ಅಗ್ಗ. ಇದರಲ್ಲಿ ಯಾರ ಹೊಟ್ಟೆ ಮೇಲೂ ಹೊಡೆದಿಲ್ಲ, ನನಗೆ ಅದು ಇಷ್ಟ.

ಹುಡುಗಿ: ಬೈ ಟೂ ಕಾಫಿ ಕೂಡ ಇಲ್ಲೇ ಕಲಿತೆ. ಊರಿನಲ್ಲಿ ಕೇಳೋಕೆ ಸಂಕೋಚ ಆಗ್ತಿತ್ತು. ಇಲ್ಲಿ ದೊಡ್ಡ ದೊಡ್ಡ ಮನುಷ್ಯರೂ ‘ಒಂದು ಬೈ ಟೂ’ ಅಂತಾರೆ.

ದೊಡ್ಡಮ್ಮ: ಅರ್ಧ ಲೋಟ ಕಾಫಿ, ಪೂರ್ತಿ ಮಾತು. ಸಾಲದು ಅಂದರೆ ಇನ್ನೊಂದು ಬೈ ಟೂ.

ಹುಡುಗಿ: ನಮ್ಮ ಪಿ.ಜಿ. ಪಕ್ಕದಲ್ಲೇ ಇಂದಿರಾ ಕ್ಯಾಂಟೀನ್ ಇದೆ. ತಿಂಗಳ ಕೊನೆಯಲ್ಲಿ ಹೋಗೋಣ ಅನ್ಸುತ್ತೆ, ಆದರೆ ಕೆಲಸದಲ್ಲಿರೋಳು ನಾನು, ಹೋಗಬಹುದಾ?

ದೊಡ್ಡಮ್ಮ: 2017ರ ಆಗಸ್ಟಿನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ಇಟ್ಟರು. ಇಂಥೋರು ಬರಬೇಕು, ಇಂಥೋರು ಬರಬಾರದು ಅಂತ ಬಾಗಿಲಲ್ಲಿ ಯಾರೂ ಕೇಳಲ್ಲ. ಜೇಬು ಖಾಲಿಯಾದ ದಿನ ಧೈರ್ಯವಾಗಿ ಹೋಗು. ಜೇಬಲ್ಲಿ ದುಡ್ಡಿರೋ ದಿನ ದರ್ಶಿನಿಗೆ ಹೋಗು. ಕ್ಯಾಂಟೀನಿಗೆ ಬರೋ ಊಟ ಅಳತೆಯದು. ನಿನ್ನ ಹಿಂದೆ ಮೂಟೆ ಹೊತ್ತು ಬಂದೋನು ನಿಂತಿರ್ತಾನೆ.

ಹುಡುಗಿ: ಫೋನಿನಲ್ಲಿ ತರಿಸ್ಕೊಳ್ಳೋದು ಬಿಟ್ಟರೇ ಅರ್ಧ ಉಳಿಯುತ್ತೆ ಅನ್ಸುತ್ತೆ. ಮೊನ್ನೆ ಒಂದು ಮಸಾಲೆ ದೋಸೆ ತರಿಸಿದೆ. ಪ್ಯಾಕಿಂಗ್‌ಗೆ ಇಷ್ಟು, ತರೋದಕ್ಕೆ ಇಷ್ಟು, ಅವರ ಶುಲ್ಕ ಇಷ್ಟು. ಡೆಲಿವರಿ ಉಚಿತ ಆಗಬೇಕಾದ್ರೆ ಇನ್ನೂ 60 ರೂಪಾಯಿದು ಸೇರಿಸಿ ಅಂತ ಬಂತು, ಬೇಡದ ಜಾಮೂನು ಸೇರಿಸಿದೆ.

ದೊಡ್ಡಮ್ಮ: ದೋಸೆಯೂ ಮೆತ್ತಗಾಗಿ ಬಂದಿರುತ್ತೆ. ಹೆಂಚಿನಿಂದ ಎದ್ದ ದೋಸೆ ನಾಲ್ಕು ನಿಮಿಷ ತಡೆಯಲ್ಲ. ನಡೆದು ಹೋಗು, ದೂರ ಆದರೆ ಬಸ್ಸಿದೆ. 2023ರ ಜೂನ್‌ನಿಂದ ನಮ್ಮ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡೋ ಹಾಗೇ ಇಲ್ಲ. ಮೊದಲು ಅಗ್ಗದ ಬೇಳೆಗೆ ಅಂತ ತರಗುಪೇಟೆಗೆ ಹೋದ್ರೆ ಉಳಿದಿದ್ದು ಬಸ್ಸಿಗೇ ಹೋಗ್ತಿತ್ತು. ಈಗ ಆ ಉಳಿತಾಯ ಮನೆ ತನಕ ಬರುತ್ತೆ.

ಹುಡುಗಿ: ಬೇಳೆ ಅಂದಾಗ ನೆನಪಾಯ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಕೊಂಡರೆ ಒಂದು ಉಚಿತ ಅಂತಾರಲ್ಲ, ಅದೂ ಕೊಸರೇ ಅಲ್ವಾ?

ದೊಡ್ಡಮ್ಮ: ನೀನೇ ಹೇಳು, ಲೆಕ್ಕದೋಳು.

ಹುಡುಗಿ: ಅಲ್ಲ ಅನ್ಸುತ್ತೆ. ಎರಡರ ಬೆಲೆಯನ್ನೂ ಒಂದರ ಮೇಲೇ ಬರೆದಿರಬಹುದು. ಈಗ ಪೊಟ್ಟಣದ ಮೇಲೆ ಒಂದು ಗ್ರಾಮಿಗೆ ಎಷ್ಟು ಅಂತಲೂ ಹಾಕ್ತಾರೆ, ಎಂ.ಆರ್.ಪಿ. ಪಕ್ಕದಲ್ಲಿ, ಸಣ್ಣಕ್ಷರದಲ್ಲಿ. ಅದನ್ನ ನೋಡಿದ್ರೆ ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಅಲ್ಲ ಅಂತ ಗೊತ್ತಾಗುತ್ತೆ. ಎಂ.ಆರ್.ಪಿ. ಅಂದರೆ ಅದಕ್ಕಿಂತ ಜಾಸ್ತಿ ತಗೋಬಾರದು ಅಂತ, ಅಷ್ಟೇ ಕೊಡಬೇಕು ಅಂತ ಅಲ್ಲ. ನಮ್ಮ ಬೀದಿ ದಿನಸಿ ಅಂಗಡಿಯವರು ಕೇಳಿದ್ರೆ ಒಂದೆರಡು ರೂಪಾಯಿ ಬಿಡ್ತಾರೆ.

ದೊಡ್ಡಮ್ಮ: ಅಷ್ಟೇ ಕಣೇ. ಕೊಸರಿಗೆ ಕೊಡೋರ ಕೈ ಕಾಣಬೇಕು. ಮತ್ತೆ ಪುಸ್ತಕ ಏನೂ ತರಲಿಲ್ವಾ?

ಹುಡುಗಿ: ಅವೆನ್ಯೂ ರಸ್ತೆಯಲ್ಲಿ ಸಿ.ಎ. ಪರೀಕ್ಷೆಯ ಪುಸ್ತಕ ಒಂದು ಅರ್ಧ ಬೆಲೆಗೆ ಸಿಕ್ಕಿತು. ಹಿಂದಿನ ಆವೃತ್ತಿ. ಕಾನೂನು ಬದಲಾಗಿರೋ ಅಧ್ಯಾಯ ಆಫೀಸಿನ ಪುಸ್ತಕದಲ್ಲಿ ಓದ್ಕೋತೀನಿ. ಯಾರೋ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದಾರೆ, ಮುಖ್ಯವಾದ್ದಕ್ಕೇ ಎಳೆದಿದಾರೆ.

ದೊಡ್ಡಮ್ಮ: ಅದೂ ಕೊಸರೇ. ಇನ್ನು ಆ ಎಲೆ ಪೊಟ್ಟಣ?

ಹುಡುಗಿ: ಮಲ್ಲಿಗೆ. ಎರಡು ಮೊಳ. ಬೆಲೆ ಕೇಳೋದಕ್ಕೆ ಪುರುಸೊತ್ತಿರಲಿಲ್ಲ, ಬಸ್ಸು ಬಂದುಬಿಟ್ಟಿತ್ತು. ಹೇಳಿದಷ್ಟು ಕೊಟ್ಟೆ.

ದೊಡ್ಡಮ್ಮ: ಹಬ್ಬದ ಹಿಂದಿನ ದಿನ ಮಾತ್ರ ಹಾಗೆ ಮಾಡಬೇಡ. ವರಮಹಾಲಕ್ಷ್ಮಿಗೆ ಕನಕಾಂಬರ ಮುಟ್ಟೋ ಹಾಗೇ ಇರಲ್ಲ. ಎರಡು ದಿನ ಬಿಟ್ಟರೆ ಇಳಿಯುತ್ತೆ. ಆಯುಧಪೂಜೆ ಮುಗಿದ ರಾತ್ರಿ ಬೂದುಗುಂಬಳ, ಬಾಳೆಕಂದು ಮಾರುಕಟ್ಟೆ ತುಂಬ ಹಾಗೇ ಬಿದ್ದಿರುತ್ತೆ, ತಂದ ರೈತ ಬರಿಗೈಯಲ್ಲಿ ಲಾರಿ ಹತ್ತಿ ಹೋಗಿರ್ತಾನೆ. ಅದನ್ನ ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಎಲ್ಲಿ, ಬಿಚ್ಚು. ನಿನ್ನ ಮೊಳದಲ್ಲಿ ಅಳೆ.

ಹುಡುಗಿ: ಒಂದು… ಎರಡು… ಇನ್ನೂ ಒಂದು ಗೇಣಿದೆ ದೊಡ್ಡಮ್ಮ. ನಾನು ಕೇಳೇ ಇರಲಿಲ್ಲ.

ದೊಡ್ಡಮ್ಮ: ಅದನ್ನ ಕತ್ತರಿಸಬೇಡ. ಇಲ್ಲಿ ಕೂತ್ಕೋ, ಜಡೆ ಈ ಕಡೆ ತಿರುಗಿಸು, ಮುಡಿಸ್ತೀನಿ. ನಾಳೆ ಬೆಳಿಗ್ಗೆ ಮಾರುಕಟ್ಟೆಗೆ ಬರ್ತೀಯಾ?

ಹುಡುಗಿ: ಬರ್ತೀನಿ. ಆ ಸೊಪ್ಪಿನವಳು ಬೆಳಿಗ್ಗೆನೂ ಕೂರ್ತಾಳಂತೆ. ಮೆಟ್ರೋ ನಿಲ್ದಾಣದ ಹೊರಗೆ, ನೀಲಿ ಟಾರ್ಪಾಲಿನ ಕೆಳಗೆ. ಪಕ್ಕದಲ್ಲಿ ನಿಂಬೆಹಣ್ಣಿನವನು.

ದೊಡ್ಡಮ್ಮ: ಐದು ಗಂಟೆಗೆ ಎಬ್ಬಿಸ್ತೀನಿ. ಬಟ್ಟೆ ಚೀಲ ಬಾಗಿಲ ಹಿಂದೆ ನೇತಾಕಿದೆ, ಚಿಲ್ಲರೆ ದೇವರ ಗೂಡಿನ ಡಬ್ಬಿಯಲ್ಲಿದೆ, ಹತ್ತರ ನೋಟು ನೋಡಿ ತಗೋ. ಈಗ ಈಳಿಗೆಮಣೆ ತಾ, ಟೊಮೆಟೊ ಹೆಚ್ಚು. ಮೆತ್ತಗಾದವು ಮೊದಲು.